ಆಲೆಮನೆಯ ಬಾಣಂತಿಗೆ ಒಂದು ಹಂಡೆ ನೀರು

ಒಂದೂರಲ್ಲಿ ಒಬ್ಬ ಬಾಣಂತಿ ಇದ್ದಳಂತೆ. ಅವಳ ತವರು ಏಳು ಬೆಟ್ಟದಾಚೆ. ಅವಳಿದ್ದ ಕಡೆ ಹಗಲಿರುಳೂ ಆರದ ಒಲೆ. ಅವಳಿಗೆ ಮಾತ್ರ ಒಂದು ಚೊಂಬು ಬಿಸಿನೀರಿಲ್ಲವಂತೆ.

ಅಜ್ಜಿ ಹೇಳಿದ ಕಥೆಯಂತಿದ್ದರೂ ಆ ಊರು ಚಿಕ್ಕರಸಿನಕೆರೆಯ ಪಕ್ಕದಲ್ಲೇ ಇದೆ. ಒಲೆ ಅಂಕಯ್ಯನವರ ಆಲೆಮನೆಯದು. ಬಾಣಂತಿ ಫೂಲ್‌ಮತಿ, ಬೆಲ್ಲ ಕಾಯಿಸುವ ಗಂಡನೊಂದಿಗೆ ಉತ್ತರಪ್ರದೇಶದಿಂದ ಬಂದವಳು. ಕಥೆಯಲ್ಲಾದರೆ ಈಗ ದೇವತೆ ಬರಬೇಕು. ಇಲ್ಲಿ ಬೆಳಗಿನ ಮಂಜು ಸೀಳಿಕೊಂಡು ಮೊಪೆಡ್ಡಿನಲ್ಲಿ ಬರುವವರು ಆಶಾ ಕಾರ್ಯಕರ್ತೆ ಕುಸುಮ. ಹಿಂದಿನ ಸೀಟಿಗೆ ಬಿಗಿದಿರುವುದು ಅವರ ಮನೆಯ ತಾಮ್ರದ ಹಂಡೆ.

ಗಂಡ ತೀರಿಕೊಂಡ ಮೇಲೆ ಅವರು ಹಿಡಿದ ಕೆಲಸವಿದು. ಊರಿನ ಬಸುರಿಯರ ಜೊತೆ ಆಲೆಮನೆಗಳ ಪರವೂರಿನ ಬಸುರಿಯರನ್ನೂ ಕುಸುಮ ನೋಡಿಕೊಳ್ಳುತ್ತಾರೆ. ಅವರ ಉಸಾಬರಿ ನಿನಗ್ಯಾಕೆ ಎನ್ನುವವರಿಗೆ ಒಂದೇ ಉತ್ತರ: "ಒಟ್ಟೆ ಮೇಲೆ ಊರೆಸ್ರು ಬರ್ದಿರ್ತದಾ?"

ಏಳು ತಿಂಗಳು ತುಂಬಿದ್ದಾಗ ಫೂಲ್‌ಮತಿ ಅಮ್ಮನನ್ನು ನೆನೆದು ಅತ್ತಿದ್ದಳು. ಹರಕು ಹಿಂದಿಯಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ, ಕುಸುಮ ಮಾತು ಕೊಟ್ಟಿದ್ದರು: ಬಾಣಂತಿ ನೀರು ನಾನೇ ಹಾಕುತ್ತೇನೆ. ನಿನ್ನೆ ಅವಳು ಮಗುವಿನೊಡನೆ ಆಸ್ಪತ್ರೆಯಿಂದ ಆಲೆಮನೆಯ ಪಕ್ಕದ ತಮ್ಮ ಶೆಡ್ಡಿಗೆ ಮರಳಿದ್ದಾಳೆ.

"ಒಲೆ ಅತ್ರ ಬರ್ಬ್ಯಾಡ ಕಣಮ್ಮ," ಅಂಕಯ್ಯ ಅಡ್ಡ ನಿಲ್ಲುತ್ತಾರೆ. "ಪುರುಡಿನ ಮೈಲಿಗೆ. ಪಾಕ ಕೆಟ್ರೆ ದುಡ್ಡು ಯಾರು ಕೊಡೋರು?"

"ಓದ್ವರ್ಸ ನಿಮ್ಮ ಏಮಶ್ರೀ ಬಾಣಂತನಕ್ಕೆ ಬಂದಾಗ ಇದೇ ಒಲೇಲಿ ಕಾಯಿಸ್ಕೊಂಡು ಅಂಡೆ ನೀವೇ ಒತ್ಕೊಂಡೋದ್ರಲ್ಲ ಅಂಕಯ್ಯಣ್ಣ? ಅವತ್ತಿನ ಬೆಲ್ಲ ಬೇವಾಗಿತ್ತಾ?"

"ಅವ್ಳು ಮನೆಮಗ್ಳು!"

"ಇವ್ಳೇನು ಕಬ್ಬಿನ ಗದ್ದೇಲಿ ಬೆಳ್ದವ್ಳಾ? ಇವ್ಳೂ ಒಂದ್ಮನೆ ಮಗ್ಳೇಯ."

ಕುಸುಮ ಮತ್ತೆ ಕೇಳುವುದಿಲ್ಲ. ಬೆಲ್ಲದ ಕೊಪ್ಪರಿಗೆಯ ಹಿಂದೆ, ಉರಿ ಹಾಯುವ ಕಂಡಿಯ ಮೇಲೆ ಹಂಡೆ ಕೂರಿಸಿ ನೀರು ತುಂಬುತ್ತಾರೆ. ಉರಿ ಹಾಕಲು ಕೂತಿರುವವನು ಫೂಲ್‌ಮತಿಯ ಗಂಡನೇ. ಅವನು ಯಜಮಾನರ ಮುಖ ನೋಡುತ್ತಾನೆ, ಹಂಡೆ ನೋಡುತ್ತಾನೆ. ಆಮೇಲೆ ತಲೆ ತಗ್ಗಿಸಿ, ಒಂದು ತಬ್ಬು ಕಬ್ಬಿನ ಸಿಪ್ಪೆಯನ್ನು ಒಲೆಗೆ ನೂಕುತ್ತಾನೆ.

ಶೆಡ್ಡಿನ ಹಿಂದೆ ಹಳೇ ಸೀರೆಯ ಮರೆ. ಮಗು ಬೆಚ್ಚಗೆ ಸುತ್ತಿಸಿಕೊಂಡು ಒಳಗೆ ಮಲಗಿದೆ. ಮೊದಲ ಚೊಂಬು ಬಿದ್ದಾಗ ಫೂಲ್‌ಮತಿ ಬೆಚ್ಚುತ್ತಾಳೆ. ಎರಡನೆಯದಕ್ಕೆ ಭುಜ ಸಡಿಲವಾಗುತ್ತದೆ. "ಊ... ಸಾಕಾ? ಇನ್ನೂ ಬೇಕಾ? ಬೇಕು ಅನ್ನು ಮಗ," ಕುಸುಮ ಕನ್ನಡ ಕಲಿಸುತ್ತಾರೆ.

"ಬೇಕು," ಎನ್ನುತ್ತಾಳೆ ಅವಳು.

ಸೀರೆಯಾಚೆ ಅಂಕಯ್ಯನವರ ಕೆಮ್ಮು. "ಅಂಡೆ ಇಲ್ಲೇ ಬುಟ್ಟೋಗಮ್ಮ. ನಾಳೀಕೂ ಕಾಯಿಸ್ಬೇಕಲ್ಲ."

"ನಮ್ಮನೇದ್ಯಾಕೆ ಬುಡ್ಲಿ? ಏಮಶ್ರೀದು ಸುಮ್ನೆ ಬಿದ್ದದಲ್ಲ, ಅದ ತಂದಿಕ್ಕಿ!"

ಹಂಡೆ ಬಗ್ಗಿಸಿ, ತಳದ ನೀರನ್ನೂ ಬಿಡದೆ ಬಳಿದು, ಕುಸುಮ ಕೊನೆಯ ಚೊಂಬನ್ನು ಬಾಣಂತಿಯ ಬೆನ್ನಿಗೆ ಸುರಿಯುತ್ತಾರೆ.