ಕುಂಕುಮ ಹಚ್ಚಿದ ರಿವಾಲ್ವರ್

ಹೋದ ವರ್ಷದ ಖಂಡೇಪೂಜೆಯ ದಿನ. ಆಯುಧಪೂಜೆಗೆ ನಮ್ಮ ಕಡೆ ಹಾಗೆಯೇ ಹೇಳುವುದು. ಬೆಳಿಗ್ಗೆ ಎದ್ದು ಹಾಲಿನ ಪಾಕೀಟು ಒಳಗೆ ತಂದು, ಸ್ನಾನ ಮುಗಿಸಿ, ಹೋಳಿಗೆಗೆಂದು ಕಡಲೆಬೇಳೆಯನ್ನು ಒಲೆಯ ಮೇಲಿಟ್ಟೆ. ಅದು ಬೇಯುವಷ್ಟರಲ್ಲಿ ಮನೆಯ ಚೂಪು ಸಾಮಾನುಗಳನ್ನೆಲ್ಲ ತೊಳೆದು ಒರೆಸಿಟ್ಟೆ. ಈಳಿಗೆ, ಚಾಕು, ಹೊಲಿಗೆಯ ಕತ್ತರಿ, ನಮ್ಮವರ ಸ್ಕ್ರೂಡ್ರೈವರ್. ಕೆಳಗೆ ಪಾರ್ಕಿಂಗಿನಲ್ಲಿ ವಾಚ್‌ಮನ್ ಸ್ಕೂಟರುಗಳಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದ. ಯಾರೋ ಕಾರಿನ ಮುಂದೆ ಬೂದುಗುಂಬಳ ಒಡೆದ ಸಪ್ಪಳವೂ ಕೇಳಿಸಿತು. ತಾರ್ನಾಕ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ದಿನ ಮಧ್ಯಾಹ್ನದವರೆಗೆ ಯಾರ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ.

ದೇವರ ಮುಂದೆ ಮಣೆ ಹಾಕಿ, ಕೆಂಪು ಬಟ್ಟೆ ಹಾಸಿ, ಮೇಲೆ ಅಕ್ಕಿ ಹರಡಿ ಎಲ್ಲವನ್ನೂ ಜೋಡಿಸಿದೆ. ಮೊನೆಗಳೆಲ್ಲ ಗೋಡೆಯ ಕಡೆಗೆ. ಇದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುವಾಗ ಬಂದ ಅಭ್ಯಾಸ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಕತ್ತರಿ ಕೊಡುವಾಗ ಹಿಡಿಕೆ ಎದುರಿನವರ ಕಡೆಗಿರಬೇಕು ಎಂದು ಎಷ್ಟು ಸಲ ಹೇಳಿದ್ದರೆಂದರೆ, ಇವತ್ತಿಗೂ ಊಟದ ಮೇಜಿನ ಮೇಲೆ ಚಾಕುವಿನ ತುದಿ ಯಾರ ಕಡೆಗಾದರೂ ಇದ್ದರೆ ನನ್ನ ಕೈ ತಾನಾಗಿ ಹೋಗಿ ಅದನ್ನು ತಿರುಗಿಸುತ್ತದೆ.

ಮಣೆಯ ನಡುವೆ ಮಾತ್ರ ಜಾಗ ಖಾಲಿ ಉಳಿದಿತ್ತು. ಅದು ರಿವಾಲ್ವರಿನ ಜಾಗ.

ಅದು ನಮ್ಮ ಮಾವನವರದು. ಅವರು ಸರ್ಕಾರಿ ನೌಕರಿಯಲ್ಲಿದ್ದಾಗ ಲೈಸನ್ಸ್ ಮಾಡಿಸಿ ಅದನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಲೈಸನ್ಸ್ ನಮ್ಮವರ ಹೆಸರಿಗೆ ಬಂತು. ನಮ್ಮವರು ವಿದ್ಯುತ್ ಇಲಾಖೆಯಲ್ಲಿದ್ದಾರೆ, ಸ್ವಭಾವದಿಂದಲೇ ಜಾಗರೂಕರು. ರಿವಾಲ್ವರ್ ಅಲಮಾರಿಯ ಲಾಕರಿನಲ್ಲಿ, ಗುಂಡುಗಳು ಇನ್ನೊಂದು ಕೋಣೆಯಲ್ಲಿ. ಚುನಾವಣೆ ಬಂತೆಂದರೆ ಯಾರೂ ಹೇಳುವ ಮೊದಲೇ ಪೊಲೀಸ್ ಠಾಣೆಗೆ ಒಯ್ದು ಒಪ್ಪಿಸಿ ಬರುತ್ತಿದ್ದರು. ಪ್ರತಿ ಖಂಡೇಪೂಜೆಗೆ ಅದನ್ನು ಹೊರಗೆ ತೆಗೆದು, ತಿರುಗುವ ಭಾಗವನ್ನು ಬಿಚ್ಚಿ ನನ್ನ ಕಣ್ಣ ಮುಂದೆ ಹಿಡಿದು, "ನೋಡು ಸುಮಾ, ಖಾಲಿ" ಎನ್ನುವರು. ನಾನು ನೋಡಿ "ಹೂಂ" ಎಂದ ಮೇಲೆಯೇ ಮಣೆಯ ಮೇಲೆ ಇಡುವುದು.

ಆ ಮಳೆಗಾಲದಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲಿ ಕಳ್ಳತನಗಳಾದವು. ಒಬ್ಬ ಮುದುಕಿಯ ಕುತ್ತಿಗೆಗೆ ಚಾಕು ಇಟ್ಟು ಸರ ಕಿತ್ತುಕೊಂಡರಂತೆ. ನನಗೆ ನಿದ್ದೆಯೇ ಬರದಾಯಿತು. ನಾನೇ ಹಟ ಹಿಡಿದೆ. "ಕಳ್ಳ ಬಂದಾಗ, ನಿಂದ್ರಪ್ಪಾ, ಆ ಕೋಣೆಗೆ ಹೋಗಿ ಗುಂಡು ತರ್ತೀನಿ ಅಂತ ಹೇಳ್ತೀರೇನು? ಖಾಲಿ ಕಬ್ಬಿಣ ಇಟ್ಕೊಂಡು ಏನು ಮಾಡೋದು?" ಎಂದು ದಿನಾ ಚುಚ್ಚಿದೆ. ಒಂದು ದಿನ ಅವರು ಮುಖ ಗಂಟು ಹಾಕಿಕೊಂಡು ಗುಂಡು ತುಂಬಿಸಿ ಲಾಕರಿನಲ್ಲಿಟ್ಟರು. "ಇನ್ನರ ಮಲಕೊ. ಆದ್ರ ನೀ ಮುಟ್ಟಬ್ಯಾಡ" ಎಂದರು. ಮುಂದೆ ಕಳ್ಳರು ಸಿಕ್ಕಿಬಿದ್ದರು. ನನಗೆ ನಿದ್ದೆ ಮರಳಿತು. ನಿದ್ದೆಯ ಜೊತೆ ಮರೆವೂ ಬಂತು.

ಹಬ್ಬದ ಹೊತ್ತಿಗೆ ಕಲಬುರಗಿಯಲ್ಲಿ ನಮ್ಮವರ ಅಕ್ಕ ಬಚ್ಚಲಲ್ಲಿ ಬಿದ್ದು ಕಾಲು ಮುರಿದುಕೊಂಡರು. ಇವರು ಹೊರಟು ನಿಂತಾಗ ಲಾಕರಿನ ಕೀಲಿ ನನ್ನ ಕೈಗೆ ಕೊಟ್ಟರು, ಏಕೆಂದರೆ ಹಬ್ಬಕ್ಕೆ ಹಾಕಿಕೊಳ್ಳುವ ನನ್ನ ಬಳೆ, ಸರ ಅದೇ ಲಾಕರಿನಲ್ಲಿದ್ದವು. ಪೂಜೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಮಾಡಿ, "ಮಧ್ಯಾಹ್ನದ ಬಸ್ಸಿಗೆ ಹೊಂಡ್ತೀನಿ. ಈ ಸಲ ಅದನ್ನ ತೆಗೀಬ್ಯಾಡ" ಎಂದರು. "ಹೂಂ ರೀ" ಎಂದೆ.

ಹೂಂ ಎಂದವಳು ಹೋಗಿ ಮಣೆಯ ಮುಂದೆ ಕುಳಿತೆ. ನಡುವಿನ ಖಾಲಿ ಜಾಗ ಕಣ್ಣಿಗೆ ಹೊಡೆಯಿತು. ಮಾವನವರು ಒಂದು ವರ್ಷವೂ ಬಿಟ್ಟವರಲ್ಲ. ಅತ್ತ ಅಕ್ಕನ ಕಾಲು ಮುರಿದಿದೆ, ಇತ್ತ ಪೂಜೆಯೂ ಅರ್ಧ ಆದರೆ ಎಂದು ಮನಸ್ಸು ಅಳುಕಿತು. ಎದ್ದು ಲಾಕರ್ ತೆಗೆದೆ. ಬಿಸಿ ಪಾತ್ರೆ ಇಳಿಸುವ ಹಾಗೆ ಸೆರಗಿನಲ್ಲಿ ಹಿಡಿದು ತಂದು ಅಕ್ಕಿಯ ಮೇಲಿಟ್ಟೆ. ಹಿಡಿಕೆಗೆ ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂ ಇಟ್ಟು ಕೈಮುಗಿದೆ. ಬಿಚ್ಚಿ ನೋಡಬೇಕೆಂದು ಹೊಳೆಯಲೇ ಇಲ್ಲ. "ಖಾಲಿ" ಎಂದು ಹೇಳುವವರು ಮನೆಯಲ್ಲಿರಲಿಲ್ಲ. ಆದರೂ ನನ್ನ ಕಿವಿ ಆ ಮಾತನ್ನು ಕೇಳಿದಂತೆಯೇ ಇತ್ತು.

ಹೋಳಿಗೆ ಬೇಯಿಸುತ್ತಿದ್ದಾಗ ಎದುರು ಮನೆಯ ವಿಮಲಾ ಅರಿಷಿಣ ಕುಂಕುಮಕ್ಕೆ ಬಂದಳು. ರಾಯಚೂರಿನವಳು, ನಮ್ಮವರನ್ನು ಅಣ್ಣ ಎನ್ನುತ್ತಾಳೆ, ನನ್ನನ್ನು ವೈನಿ. ಜೊತೆಗೆ ಕಾಲೇಜಿಗೆ ಹೋಗುವ ಮಗಳು ಪಲ್ಲವಿ. ಮಣೆ ನೋಡಿದ್ದೇ ವಿಮಲಾ, "ಅಯ್ಯಯ್ಯ, ಪಿಸ್ತೂಲು! ವೈನೀ, ಇಷ್ಟು ದಿನ ನಿಮ್ಮ ಕೂಡ ಜಗಳಾ ಆಡಿಲ್ಲ, ನನ್ನ ಪುಣ್ಯ!" ಎಂದು ನಕ್ಕಳು.

"ಅತ್ತೀ, ಹಿಡ್ಕೋರಿ ಒಂದ್ಸಲ, ಫೋಟೊ ತೆಗೀತೀನಿ. ಮಸ್ತ್ ಬರ್ತದ" ಎಂದಳು ಪಲ್ಲವಿ.

"ಬ್ಯಾಡವಾ, ನನಗ ಹೆದರಿಕಿ" ಎಂದೆ. ಆದರೆ ನಿಜ ಹೇಳಬೇಕೆಂದರೆ, ನನಗೂ ಆಸೆಯಾಗಿತ್ತು. ನನ್ನನ್ನು ಎಲ್ಲರೂ ಮೆತ್ತನೆಯವಳು ಎನ್ನುತ್ತಾರೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡಲೂ ಬಾರದವಳು. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ರಿವಾಲ್ವರ್ ಹಿಡಿದ ನನ್ನನ್ನು ನಾನೇ ಒಮ್ಮೆ ನೋಡಬೇಕೆನಿಸಿತು. ಎತ್ತಿಕೊಂಡೆ.

"ಹಂಗಲ್ಲರಿ, ಲಟ್ಟಣಗಿ ಹಿಡಿದಂಗ ಹಿಡಿದೀರಿ! ನನ್ನ ಕಡೆ ಗುರಿ ಇಡ್ರಿ" ಎಂದು ವಿಮಲಾ ಎದುರಿಗೆ ಬಂದು ಎರಡೂ ಕೈ ಮೇಲೆತ್ತಿ ನಿಂತಳು. "ಬ್ಯಾಡ್ರಿ ತಾಯಿ, ಹೊಡೀಬ್ಯಾಡ್ರಿ, ನಿಮ್ಮ ಬಟ್ಟಲಾ ನಾಳೆನ ವಾಪಸ್ ಕೊಡ್ತೀನಿ!"

ಮೂವರೂ ನಕ್ಕೆವು. ನಾನು ಅವಳ ಎದೆಗೆ ನೇರವಾಗಿ ಹಿಡಿದೆ. ಪಲ್ಲವಿ ನನ್ನ ಪಕ್ಕದಲ್ಲಿ ಸ್ವಲ್ಪ ದೂರ ನಿಂತು, ನಾವಿಬ್ಬರೂ ಕಾಣುವಂತೆ ಫೋಟೊ ತೆಗೆದಳು. "ಒತ್ರಿ ವೈನೀ, ಟಕ್ ಅಂತ ಸಪ್ಪಳ ಬರಲಿ, ವಿಡಿಯೊ ಮಾಡಲಿ ಆಕಿ" ಎಂದಳು ವಿಮಲಾ. ನನ್ನ ಬೆರಳು ಟ್ರಿಗರಿನ ಮೇಲೆಯೇ ಇತ್ತು. ಒತ್ತಿದೆ. ಬಿಗಿಯಾಗಿತ್ತು. ಇನ್ನಷ್ಟು ಬಲ ಹಾಕಬೇಕೆನ್ನುವಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂತು. "ಅಯ್ಯ, ಹೋಳಿಗಿ!" ಎಂದು ರಿವಾಲ್ವರನ್ನು ಅಕ್ಕಿಯ ಮೇಲಿಟ್ಟು ಓಡಿದೆ. ಹಂಚಿನ ಮೇಲೆ ಹೋಳಿಗೆ ಕರ್ರಗಾಗಿತ್ತು. ಅದನ್ನು ನೋಡಿ ನಾನು ಪೇಚಾಡಿದೆ.

ಅವರು ಹೋದ ಮೇಲೆ ಪಲ್ಲವಿ ಫೋಟೊ ಕಳಿಸಿದಳು. ನೋಡಿ ನನಗೇ ಹೆಮ್ಮೆಯಾಗಿ, "ಹೆಂಗದೀನ್ರಿ?" ಎಂದು ಬರೆದು ನಮ್ಮವರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. ಬಸ್ಸಿನ ಗದ್ದಲದ ನಡುವೆ ಅವರ ದನಿ ಬಹಳ ಸಣ್ಣದಾಗಿತ್ತು.

"ಎಲ್ಲೈತಿ ಅದು ಈಗ?"

"ಮಣಿ ಮ್ಯಾಲ."

"ಮನ್ಯಾಗ ಮತ್ತ ಯಾರದಾರ?"

"ಯಾರೂ ಇಲ್ಲ. ಯಾಕ್ರಿ?"

"ಸುಮಾ, ಅದನ್ನ ಮುಟ್ಟಬ್ಯಾಡ. ಗ್ಯಾಸ್ ಆರಿಸು, ಹೊರಗ ಬಾ, ಬಾಗಲಕ್ಕ ಕೀಲಿ ಹಾಕು. ನಾ ಬರೋತನಕ ಯಾರನ್ನೂ ಒಳಗ ಬಿಡಬ್ಯಾಡ." ಕೊನೆಗೆ ಹೇಳಿದರು, "ಅದರಾಗ ಗುಂಡು ಅದಾವ."

ಗ್ಯಾಸ್ ಹೇಗೆ ಆರಿಸಿದೆನೋ, ಬಾಗಿಲು ಹೇಗೆ ಹಾಕಿದೆನೋ ನೆನಪಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದೆ. ಬಲಗೈ ತೋರುಬೆರಳಿಗೆ ಇನ್ನೂ ಕುಂಕುಮ ಅಂಟಿತ್ತು. ಸೀರೆಗೆ ಒರೆಸಿದೆ. ಹೋಗಲಿಲ್ಲ.

ವಿಮಲಾ ಕಸದ ಬುಟ್ಟಿ ಇಡಲು ಹೊರಗೆ ಬಂದು ನನ್ನನ್ನು ಕಂಡಳು. "ಯಾಕ್ರಿ ವೈನೀ, ಇಲ್ಲಿ ಕುಂತೀರಿ?"

"ಕೀಲಿ ಒಳಗ ಉಳೀತು" ಎಂದೆ. ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂತು.

"ಅರೇ, ಅಷ್ಟಕ್ಕ ಮುಖಾ ಯಾಕ ಹಿಂಗ ಮಾಡೀರಿ? ಕೀಲಿ ರಿಪೇರಿಯಾಂವನ್ನ ಕರೀಲೇನು?"

"ಬ್ಯಾಡ, ಬ್ಯಾಡ. ಇವರ ಕಡೆ ಇನ್ನೊಂದು ಐತಿ. ಸಂಜೀಕ ಬರ್ತಾರ."

"ಅಲ್ಲೀತನಕ ಮೆಟ್ಲ ಮ್ಯಾಲ ಕೂಡ್ತೀರೇನು ಹಬ್ಬದ ದಿನಾ? ಏಳ್ರಿ" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಎಲೆ ಹಾಕಿ ಊಟಕ್ಕೆ ಕೂರಿಸಿದಳು. ಬೇಡ ಬೇಡ ಎಂದರೂ ಅನ್ನದ ಮೇಲೆ ತುಪ್ಪ ಸುರಿದಳು. "ನನಗ ಗುರಿ ಇಟ್ಟಾಕಿಗೆ ನಾನ ಉಣಸಾಕತ್ತೀನಿ, ನೋಡಲೇ ಪಲ್ಲವಿ!" ಎಂದು ನಕ್ಕಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಮ್ಮ ಮನೆಯ ಕೀಲಿ ಬಾಗಿದಾಗಲೆಲ್ಲ ಚುಚ್ಚುತ್ತಿತ್ತು. ನಾನು ತಲೆ ಎತ್ತದೆ ಉಂಡೆ. ಅವಳ ಕುತ್ತಿಗೆಯ ಕೆಳಗೆ, ಮಂಗಳಸೂತ್ರ ಇಳಿಯುವ ಜಾಗದಲ್ಲಿ ಒಂದು ಪುಟ್ಟ ಮಚ್ಚೆ ಇದೆ. ಬಡಿಸಲು ಬಾಗಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬೆಳಿಗ್ಗೆ ನಾನು ಹಿಡಿದದ್ದು ಆ ಮಚ್ಚೆಯ ಹತ್ತಿರಕ್ಕೇ.

ಸಂಜೆ ನಮ್ಮವರು ಬಂದರು. ಚಪ್ಪಲಿ ಬಿಟ್ಟು ನೇರ ದೇವರ ಕೋಣೆಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. ರಿವಾಲ್ವರನ್ನು ಗೋಡೆಯ ಕಡೆಗೆ ಹಿಡಿದು ಬಿಚ್ಚಿದರು. ಗುಂಡುಗಳು ಅಕ್ಕಿಯ ಮೇಲೆ ಬಿದ್ದವು. ಸಪ್ಪಳವೇ ಆಗಲಿಲ್ಲ.

ನಾನು ಬೈಗುಳಕ್ಕೆ ಕಾದೆ. ಅವರು ಬಯ್ಯಲಿಲ್ಲ. "ಕಳ್ಳರು ಸಿಕ್ಕ ದಿನಾನ ತೆಗೀಬೇಕಿತ್ತು, ನಾಳೆ ನಾಳೆ ಅಂತ ಬಿಟ್ಟೆ. ಮುಂಜಾನೆ ಅಕ್ಕನ ಮುಂದ ಅದರ ಮಾತು ಯಾಕಂತ ಫೋನಿನಾಗೂ ಬಾಯಿಬಿಟ್ಟು ಹೇಳಲಿಲ್ಲ. ನಂದೂ ತಪ್ಪೈತಿ" ಎಂದರು. ಆಮೇಲೆ, "ಲೈಸನ್ಸ್ ನನ್ನ ಹೆಸರಿಲೆ ಐತಿ, ಸುಮಾ. ಕೀಲಿ ನಿನ್ನ ಕೈಯಾಗ ಕೊಡೋ ಹಕ್ಕು ನನಗಿರಲಿಲ್ಲ" ಎಂದರು. ಅವರು ತಪ್ಪನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡಷ್ಟೂ ನನ್ನ ಪಾಲು ನನಗೆ ಕಾಣುತ್ತ ಹೋಯಿತು. ತುಂಬಿಸಿರೆಂದು ಹಟ ಹಿಡಿದವಳು ನಾನು. ತೆಗೆಯಬೇಡ ಎಂದಾಗ ಹೂಂ ಎಂದು ತೆಗೆದವಳೂ ನಾನೇ.

ಆ ರಿವಾಲ್ವರ್ ಈಗ ನಮ್ಮ ಮನೆಯಲ್ಲಿಲ್ಲ. ಹಬ್ಬ ಕಳೆದ ಮೇಲೆ ನಮ್ಮವರು ಠಾಣೆಗೆ ತಿಳಿಸಿ, ಪರವಾನಗಿ ಇರುವ ಬಂದೂಕಿನ ಅಂಗಡಿಗೆ ಒಪ್ಪಿಸಿ ಬಂದರು. ಮನೆಯಲ್ಲಿ ಆಯುಧ ಇಟ್ಟುಕೊಳ್ಳುವವರು ತಪ್ಪು ಮಾಡುತ್ತಾರೆಂದು ನಾನು ಹೇಳಲಾರೆ. ಭಯ ಎಂಥದೆಂದು ನನಗೆ ಗೊತ್ತು. ಆದರೆ ಅದು ಮನೆಯಲ್ಲಿದ್ದರೆ ಅದರ ಬಳಿ ಭಕ್ತಿಗೂ ತಮಾಷೆಗೂ ಜಾಗ ಇರಬಾರದು. ನಮ್ಮ ಮನೆಯಲ್ಲಿ ನಾನು ಎರಡಕ್ಕೂ ಜಾಗ ಕೊಟ್ಟೆ. ಮಾವನವರ ಕಾಲದಿಂದ ಕಳ್ಳರಿಗೆಂದು ಇಟ್ಟ ಆ ರಿವಾಲ್ವರನ್ನು ಮನುಷ್ಯರೊಬ್ಬರ ಕಡೆಗೆ ತಿರುಗಿಸಿದವಳು, ಕತ್ತರಿಯ ಮೊನೆಯನ್ನೂ ಯಾರ ಕಡೆಗೂ ಇಡದ ನಾನೊಬ್ಬಳೇ.

ಆ ಸಂಜೆ ನಮ್ಮವರು ಗುಂಡುಗಳನ್ನು ತೆಗೆದಿಟ್ಟು, "ವಿಮಲಾಗ ಹೇಳಬೇಕು. ನಾನಲ್ಲ, ನೀನು" ಎಂದರು.

ಹೋದೆ. ವಿಮಲಾ ಅಡುಗೆಮನೆಯಲ್ಲಿ ನಿಂತು ಚಹಾ ಸೋಸುತ್ತಿದ್ದಳು. ಎಲ್ಲ ಹೇಳಿದೆ. ಗುಂಡಿದ್ದದ್ದು, ನಾನು ಟ್ರಿಗರ್ ಒತ್ತಿದ್ದು, ಕೀಲಿ ಒಳಗೆ ಉಳಿಯದೆ ನನ್ನ ಸೊಂಟದಲ್ಲೇ ಇದ್ದದ್ದು. ಹೇಳುವಾಗ ಅವಳ ಮುಖ ನೋಡಲಾಗದೆ ಸೋಸುವ ಜರಡಿಯನ್ನೇ ನೋಡುತ್ತಿದ್ದೆ. ಅದರಿಂದ ಚಹಾ ತೊಟ್ಟಿಕ್ಕುವುದು ನಿಂತು ಎಷ್ಟೋ ಹೊತ್ತಾದರೂ ಅವಳು ಅದನ್ನು ಹಿಡಿದೇ ಇದ್ದಳು.

"ಪಲ್ಲವಿ ನಿಮ್ಮ ಬಾಜೂಕ ನಿಂತಿದ್ಲಲ್ಲ? ನನ್ನ ಹಿಂದ ಬಂದಿರಲಿಲ್ಲಲ್ಲ?" ಎಂದು ಕೇಳಿದಳು.

"ಇಲ್ಲ. ನನ್ನ ಬಾಜೂಕನ ಇದ್ಲು."

"ಹಂಗಾರ ಆತು ಬಿಡ್ರಿ" ಎಂದು ಉಸಿರು ಬಿಟ್ಟಳು. ನಾನು ಅವಳ ಕೈ ಹಿಡಿಯಲು ಹೋದೆ. ಧೈರ್ಯ ಸಾಲಲಿಲ್ಲ. ಅವಳು ಕೈ ಒರೆಸಿಕೊಂಡು, ಫ್ರಿಜ್ಜಿನ ಮೇಲಿದ್ದ ಮೊಬೈಲ್ ತೆಗೆದು, ಪಲ್ಲವಿ ಅವಳಿಗೂ ಕಳಿಸಿದ್ದ ಆ ಫೋಟೊವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅಳಿಸಿಹಾಕಿ, ನನ್ನ ಕಡೆಗೊಂದು ಕಪ್ಪು ಸರಿಸಿದಳು.

"ಕುಡೀರಿ, ಆರ್ತೈತಿ. ಹೆಂಗೂ ಆ ಫೋಟೊದಾಗ ನಾ ಕಣ್ಣು ಮುಚ್ಚಿದ್ದೆ, ವೈನೀ."