ರಾಮಕ್ಕ ಮಂದೆ ತಿರುಗಿಸಿದ್ದು

ದುರ್ಗಯ್ಯನ ಹೆಂಡತಿ ರಾಮಕ್ಕ ಎಂದರೆ ಕುರಿಯವರ ನಡುವೆ ಹೆದರುಪುಕ್ಕಲಿ ಎಂದೇ ಹೆಸರು. ನಗುವವರು ನಗಲಿ, ಅವರೇನು ಕಂಡಿದ್ದಾರೆ? ಚಿಕ್ಕವಳಿದ್ದಾಗ ಕೆಂಕೆರೆ ಕಡೆ ಅಪ್ಪನ ಕುರಿಗಳು ಬೆದರಿ, ಒಂದರ ಹಿಂದೊಂದು ಹಾಳುಬಾವಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿದವಳು ಅವಳು. ಅಪ್ಪ ಮುಂದಿನ ಟಗರನ್ನು ಹಿಡಿದು ನಿಲ್ಲಿಸಿಯೇ ಇದ್ದ. ಹಿಂದಿನವಕ್ಕೆ ಟಗರೂ ಕಾಣದು, ಬಾವಿಯೂ ಕಾಣದು. ಪಕ್ಕದ ಕುರಿ ಓಡಿದರೆ ತಾನೂ ಓಡುವುದು, ಅಷ್ಟೇ. ಅಂದಿನಿಂದ ನೀರು ಕಂಡಲ್ಲೆಲ್ಲ ರಾಮಕ್ಕನಿಗೆ ಜೀವ ಬಾಯಿಗೆ ಬರುತ್ತದೆ.

ಈ ಸಲ ಕಿಬ್ಬನಹಳ್ಳಿ ಹತ್ತಿರ ಗಂಗಾಧರಯ್ಯನವರ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ರಾತ್ರಿ ಸುತ್ತ ಬಲೆ ಕಟ್ಟಿ ಮಂದೆ ತರುಬಿದ್ದರು. ತೋಟದಾಚೆ ಕೃಷಿ ಹೊಂಡ. ತುಂಬ ನೀರು, ಒಳಗೆಲ್ಲ ಜಾರುವ ಪ್ಲಾಸ್ಟಿಕ್ ಹಾಸು; ಬಿದ್ದವರು ಹತ್ತಿ ಬರುವಂತಿಲ್ಲ.

"ಬ್ಯಾರೆ ತೋಟಕ್ಕೋಗಣ ಕಣಯ್ಯೋ, ನಂಗೆ ಭಯ ಆಯ್ತದೆ" ಎಂದು ಅವಳು ಗೋಗರೆದಳು.

"ಗಂಟೆ ಟಗರು ಮುಂದಿರ್ತದೆ, ಅದು ನನ್ ಮಾತು ಕೇಳ್ತದೆ, ಬುಡು" ಎಂದ ದುರ್ಗಯ್ಯ.

ಬೆಳಿಗ್ಗೆ ಬಲೆ ಬಿಚ್ಚಿ ಕುರಿ ಬಿಡುತ್ತಿದ್ದಂತೆ ದೊಪ್ಪನೆ ಒಂದು ಒಣ ಸೋಗೆ ಬಿತ್ತು. ಮೊದಲು ನಾಲ್ಕಾರು ಕುರಿ ದಿಕ್ಕಿಗೊಂದರಂತೆ ಹಾರಿದವು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಮಂದೆ ಒಂದೇ ಮುಖವಾಗಿ ಹೊಂಡದ ಕಡೆ ನುಗ್ಗಿತು. ದುರ್ಗಯ್ಯ, ಬುದ್ಧಿಗೇಡಿ, ಅಡ್ಡದಾರಿಯಲ್ಲಿ ಓಡಿ, ಟಗರನ್ನು ಹಿಡಿಯಲೆಂದು ಹೊಂಡದ ಏರಿಯ ಮೇಲೆ ಕೈಚಾಚಿ ನಿಂತ. ಅವನಿಗೆ ಈಜು ಬಾರದು.

"ಅಯ್ಯೋ, ಅತ್ಲಾಗೆ ಸರ್ಕಳಯ್ಯೋ! ನಿನ್ನೂ ತಳ್ಕೊಂಡೋಯ್ತವೆ!"

ಅವನು ಕದಲಲಿಲ್ಲ. ರಾಮಕ್ಕ ಹೆದರುತ್ತಲೇ ಓಡಿ ಮಂದೆಯ ಪಕ್ಕೆಗೆ ನುಗ್ಗಿದಳು. ಸಿಕ್ಕಿದ ಕುರಿಯ ಕತ್ತು ತಬ್ಬಿ ತೋಟದ ಬದುವಿನ ಕಡೆ ತಿರುಗಿಸಿದಳು, ಅದರ ಪಕ್ಕದ್ದನ್ನು ಸೊಂಟದಿಂದ ನೂಕಿದಳು, ಇನ್ನೊಂದರ ಕಿವಿ ಹಿಡಿದೆಳೆದಳು. ಅವು ತಿರುಗಿದ್ದಕ್ಕೆ ಅವುಗಳ ಪಕ್ಕದವು ತಿರುಗಿದವು, ಅವುಗಳ ಪಕ್ಕದವೂ ತಿರುಗಿದವು. ಧೂಳೆದ್ದು ಮಂದೆಗೆ ಮಂದೆಯೇ ಬದುವಿನ ಕಡೆ ಹರಿಯಿತು.

ಗಂಟೆ ಟಗರೊಂದೇ ದುರ್ಗಯ್ಯನ ಮುಂದೆ ನಿಂತಿತ್ತು. ಹಿಂದೆ ತಿರುಗಿ ನೋಡಿತು, ಯಾರೂ ಇಲ್ಲ. ಬ್ಯಾ ಎಂದು ಅರಚಿಕೊಂಡು ಮಂದೆಯ ಹಿಂದೆ ಓಡಿತು.

"ನೋಡ್ದೇನಮ್ಮಿ, ನನ್ನ ಕಂಡೇ ತಿರುಗಿದ್ವು!" ಎಂದು ದುರ್ಗಯ್ಯ ನಗುತ್ತ ಏರಿ ಇಳಿದು ಬಂದ.

ರಾಮಕ್ಕ ಅವನ ಅಂಗಿಯ ಚುಂಗನ್ನು ಹಿಡಿದುಕೊಂಡಳು. ಮಂದೆ ಹೊಡೆದುಕೊಂಡು ಕಿಬ್ಬನಹಳ್ಳಿ ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಜನ ನೋಡಿ ನಕ್ಕರೂ ಬಿಡಲಿಲ್ಲ.