ರೊಟ್ಟಿ ಕಟ್ಟಿಕೊಂಡು ಬಂದ ಗಿರಾಕಿಗಳು

ಕಲಬುರಗಿಯಲ್ಲಿ ನಾನು ಎರಡು ವರ್ಷ ಎಂಬಿಎ ಓದಿದೆ. ಗಿರಾಕಿಯ ಮನಸ್ಸಿನ ಬಗ್ಗೆಯೇ ಒಂದು ಇಡೀ ಪೇಪರಿತ್ತು. ಅದರಲ್ಲಿ ಕಾಲೇಜಿಗೇ ಎರಡನೆಯವನಾಗಿ ಪಾಸಾದೆ. ಹೋಟೆಲಿಗೆ ಉಣ್ಣಲು ಬರುವ ಮನುಷ್ಯ ತನ್ನ ಊಟವನ್ನು ತಾನೇ ಕಟ್ಟಿಕೊಂಡು ಬರಬಹುದೆಂಬ ಸಂಗತಿ ಆ ಪೇಪರಿನ ಯಾವ ಮೂಲೆಯಲ್ಲೂ ಇರಲಿಲ್ಲ. ಆ ಪೇಪರು ಕಲಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಹಾರಾಷ್ಟ್ರದ ಗಡಿಯ ಉದಗೀರದಲ್ಲಿ ಮೊಂಢಾ ಎಂದರೆ ಸುತ್ತಲ ಊರುಗಳ ಕಾಳುಕಡಿಯೆಲ್ಲ ಬಂದು ಬೀಳುವ ಪೇಟೆ. ಅದರ ಎದುರಿನ ರಸ್ತೆಯಲ್ಲಿ ನನ್ನ ರೆಸ್ಟೋರೆಂಟ್ ಶುರುವಾಯಿತು. ಖಾನಾವಳಿಯಲ್ಲ, ರೆಸ್ಟೋರೆಂಟ್, ಈ ಭೇದವನ್ನು ಊರಿಗೆ ವಿವರಿಸಿ ಹೇಳುವುದರಲ್ಲೇ ನನ್ನ ಗಂಟಲು ಅರ್ಧ ಹೋಯಿತು. ಗೋಡೆಗೆ ಹಾಲುಬಣ್ಣ, ಮೇಜಿಗೆ ಗಾಜು, ಕೈಯಲ್ಲಿ ಹಿಡಿದು ಓದಲು ಮೆನು. ಮೊದಲ ವಾರವೇ ವಲಾಂಡಿ ಕಡೆಯ ನಾಲ್ವರು ರೈತರು ಬಂದು ಕೂತರು. ಮೆನುವನ್ನು ಗೌರವದಿಂದ ಬದಿಗೆ ಸರಿಸಿದರು. ಚೀಲದೊಳಗಿಂದ ಒಂದು ಅರಿವೆಗಂಟು ತೆಗೆದು ಗಾಜಿನ ಮೇಲೆ ಬಿಚ್ಚಿದರು. ಹತ್ತು ಹನ್ನೆರಡು ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ.

“ಒಂದ್ ಶೇವಭಾಜಿ ಕೊಡ್ರೀ ಮಾಲಕರ. ರಸ ಜರಾ ಜಾಸ್ತಿ ಇರ್ಲಿ.”

ನಾಲ್ಕು ಜನ, ಒಂದು ಭಾಜಿ. ಖಾರದ ರಸದಲ್ಲಿ ಶೇವು ಮುಳುಗಿಸಿದ ಆ ಪಲ್ಯಕ್ಕೆ ಮೂರು ಸಲ ರಸ ಹಾಕಿಸಿಕೊಂಡರು. ನಾನು ಹಣ ಎಣಿಸುವ ಗಲ್ಲೆಯಿಂದ ಎದ್ದು ಹೋಗಿ, ಕಾಲೇಜಿನಲ್ಲಿ ಕಲಿತ ನಗುಮುಖ ಧರಿಸಿ ಹೇಳಿದೆ: “ಕಾಕಾ, ಹೊರಗಿನ ಊಟ ಇಲ್ಲಿ ನಡೆಯಂಗಿಲ್ಲ.”

“ಇದು ಹೊರಗಿಂದ್ ಹೆಂಗಾತೋ ತಮ್ಮಾ? ಇದು ಮನೀದು. ಹೊರಗಿಂದ್ ಅಂದ್ರ ನಿಂದು.”

ಉಳಿದ ಮೂವರು ನ್ಯಾಯಮೂರ್ತಿಗಳಂತೆ ತಲೆಯಾಡಿಸಿದರು.

ಬರೀ ನನ್ನ ಮಾನದ ಪ್ರಶ್ನೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಒಳಗೆ ರೊಟ್ಟಿ ಬಡಿಯುವುದಕ್ಕೆಂದೇ ನಾನು ಕರೆತಂದ ಒಬ್ಬ ಹೆಣ್ಣುಮಗಳಿದ್ದಳು. ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆಯಾಕೆ, ನಮಗೆಲ್ಲ ಮಾವ್ಶಿ, ಅಂದರೆ ಚಿಕ್ಕವ್ವ. ಕಳೆ ತೆಗೆಯುವ ಹೆಣ್ಣಾಳುಗಳ ಗುಂಪಿನಲ್ಲಿ ಆಕೆಗೆ ವರ್ಷಗಳಿಂದ ಒಂದು ಜಾಗವಿತ್ತು. ನನ್ನ ಮಾತು ನಂಬಿ ಅದನ್ನು ಬಿಟ್ಟು ಬಂದಿದ್ದಳು. ಈಗ ಗಿರಾಕಿಗಳೇ ರೊಟ್ಟಿ ತಂದರೆ ಆಕೆಗೆ ಕೆಲಸವೇನು? ಹಂಚು ಕಾಯುತ್ತಿತ್ತು, ಆಕೆ ಹಿಟ್ಟು ನಾದುವ ಪರಾತದ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

“ಕೈ ಕಟಗೊಂಡು ಕುಂತು ಪಗಾರ ತಗೊಳ್ಳೋದು ನನಗ ಬರಂಗಿಲ್ಲ,” ಎಂದು ಒಂದು ದಿನ ಹೇಳಿಯೇಬಿಟ್ಟಳು. “ಬರೋ ಬಾಜಾರದ ದಿನದ ತನಕ ನೋಡ್ತೀನಿ. ರೊಟ್ಟಿ ಹೋಗ್ಲಿಲ್ಲಂದ್ರ ನಾ ನನ್ನ ದಾರಿ ಹಿಡೀತೀನಿ. ಈ ಹಿಟ್ಟಾದ್ರೂ ಬದಲ್ ಮಾಡಪ್ಪಾ, ಇದಕ್ಕ ಜಿಗೀನೇ ಇಲ್ಲ.”

ನಾನು ಆಕೆಗೆ ಖರೀದಿಯ ಶಾಸ್ತ್ರ ತಿಳಿಸಿದೆ. ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸುವ ವಿಧಿವತ್ತಾದ ಕ್ರಮದಿಂದ ಆ ಜೋಳ ಬಂದಿತ್ತು. ಅಪ್ಪ ನಮ್ಮ ಹೊಲದ ಹಿಂಗಾರಿ ಬಿಳಿಜೋಳ ಕೊಡುತ್ತೇನೆಂದಿದ್ದ. ಬಿಲ್ಲಿಲ್ಲದ ಮಾಲು ಧಂದೆಗೆ ಒಗ್ಗುವುದಿಲ್ಲವೆಂದು ನಾನೇ ಒಲ್ಲೆನೆಂದಿದ್ದೆ. ಮಾವ್ಶಿ ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದಳು. “ಜಿಗಿ ಇಲ್ಲ,” ಎಂದು ಮತ್ತೊಮ್ಮೆ ಹೇಳಿ ಒಲೆಯ ಕಡೆ ತಿರುಗಿದಳು.

ನಾನು ಹಿಟ್ಟು ಬದಲಿಸಲಿಲ್ಲ. ಕಾನೂನು ಮಾಡಿದೆ. ಹೊರಗಿನ ತಿನಿಸು ತರಬಾರದೆಂದು ಮರಾಠಿಯಲ್ಲೂ ಕನ್ನಡದಲ್ಲೂ ಬೋರ್ಡು ಬರೆಸಿ ಬಾಗಿಲೊಳಗೆ ತೂಗುಹಾಕಿದೆ. ಜನ ಅದನ್ನು ಅಕ್ಷರಶಃ ಪಾಲಿಸಿದರು. ಶೇವಭಾಜಿ ಪಾರ್ಸಲ್ ಕಟ್ಟಿಸಿಕೊಂಡು ಹೋಗಿ ನನ್ನದೇ ಮೆಟ್ಟಿಲ ಮೇಲೆ ಸಾಲಾಗಿ ಕೂತು ಗಂಟು ಬಿಚ್ಚಿದರು. ಕಿಟಕಿಯಿಂದ ನೀರು ಕೇಳಿದರು, ಲಿಂಬೆಹೋಳು ಕೇಳಿದರು. ಒಳಗೆ ಪಂಖಾ ಖಾಲಿ ಕುರ್ಚಿಗಳಿಗೆ ಗಾಳಿ ಹಾಕುತ್ತಿತ್ತು. ಇಷ್ಟು ಸಭ್ಯವಾದ ದಂಗೆಯನ್ನು ಯಾವ ಸರಕಾರವೂ ಕಂಡಿರಲಾರದು.

ಬಾಜಾರದ ದಿನ ಬಂತು. ಜಳಕೋಟದ ಒಬ್ಬ ಮುದುಕ ಹೆಂಡತಿಯೊಡನೆ ಒಳಗೆ ಬಂದು, ಸರಿಯಾಗಿ ಬೋರ್ಡಿನ ಕೆಳಗೇ ಕೂತು ಗಂಟು ಬಿಚ್ಚಿದ. ಆವತ್ತು ನನ್ನ ನಗುಮುಖ ಮುಗಿದಿತ್ತು.

“ಕಾಕಾ, ಬೋರ್ಡ್ ಕಾಣ್ಸಂಗಿಲ್ಲೇನ್ರೀ?”

“ಕಾಣ್ತದ. ಛಂದ ಬರ್ಸೀದಿ.”

“ಮತ್ತ ಗಂಟು ಕಟ್ರಿ! ನಾ ಇಲ್ಲಿ ರೊಟ್ಟಿ ಬಡಿಲಾಕ ಮಂದಿ ಇಟ್ಟೀನಿ. ಅವರ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?”

ನನ್ನ ದನಿ ಬೀದಿಗೆ ಕೇಳಿಸಿರಬೇಕು. ಮೆಟ್ಟಿಲ ಮೇಲಿದ್ದವರು ಕಿಟಕಿಗೆ ಬಂದರು. ಅಷ್ಟರಲ್ಲಿ, ಎಂದೂ ಹೊರಗೆ ಬಾರದ ಮಾವ್ಶಿ ಅಂಗೈ ಮೇಲೆ ಬಿಸಿ ರೊಟ್ಟಿ ಹಿಡಿದು ಬಂದು ಮುದುಕನ ತಾಟಿಗೆ ಹಾಕಿದಳು.

“ತಿಂದು ನೋಡಪಾ. ಕೆಟ್ಟಿದ್ರ ನನ್ನ ಮಾರಿ ಮ್ಯಾಲೇ ಹೇಳು.”

ಮುದುಕ ಮುರಿದು ಬಾಯಿಗಿಟ್ಟ. ಅವನ ಹೆಂಡತಿ ಒಂದು ಚೂರು ಬೆರಳಲ್ಲಿ ಹಿಸುಕಿ, ಸೀಳಿದ ಅಂಚು ನೋಡಿ, ಆಮೇಲೆ ತಿಂದಳು. ತೀರ್ಪು ಕೊಟ್ಟವಳು ಆಕೆಯೇ.

“ಕೈ ಛಲೋ ಅದ ತಂಗೀ, ತೆಳ್ಳಗ ಬಡದೀದಿ. ಆದ್ರ ಜ್ವಾಳ ಹೈಬ್ರಿಡ್ ಅದ. ಇದು ದನಕ್ಕ ಹಾಕೋದು.”

“ಕೇಳ್ದೇನು?” ಎಂದು ಮಾವ್ಶಿ ನನ್ನ ಕಡೆ ತಿರುಗಿದಳು.

“ಊರ ಮಂದಿಗೆಲ್ಲಾ ನಡೀತದ, ನಿಮಗಷ್ಟೇ...” ಎಂದು ನಾನು ತೊಡಗಿದೆ.

“ನೀ ಉಣ್ತಿ ಏನು ಇದನ್ನ?” ಎಂದ ಮುದುಕ.

ಉತ್ತರ ಕೊಡಲು ಬಾಯಿ ತೆರೆದೆ. ಮಾವ್ಶಿ ನನಗಿಂತ ಮುಂಚೆ ಕೊಟ್ಟಳು: “ಅಂವಾ? ಅಂವನ ಡಬ್ಬಿ ಮನೀಂದ ಬರ್ತದ್ರೀ. ದಿನಾ ನಾನೇ ತೊಳೀತೀನಿ.”

ಕಿಟಕಿ ಪೂರಾ ನಕ್ಕಿತು. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವ್ವ ಕಳಿಸಿದ್ದನ್ನು ನಾನು ಎಂದೂ ತಿನಿಸಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಕಾನೂನನ್ನು ದಿನಾಲೂ ತಪ್ಪದೆ ಮುರಿಯುತ್ತಿದ್ದವನು ಊರಲ್ಲಿ ಒಬ್ಬನೇ ಒಬ್ಬ, ಮತ್ತು ಅವನು ಗಲ್ಲೆಯ ಮೇಲೆ ಕೂತಿದ್ದ. ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಬರಬೇಕೋ ಈಗ ಅವನ ಮೇಲೇ ಬಂತು.

ಸಂಜೆಗೆ ನಮ್ಮ ಹಳ್ಳಿಗೆ ಹೋಗಿ ಅಪ್ಪನ ಮುಂದೆ ನಿಂತೆ. “ಎರಡು ಚೀಲ ಜ್ವಾಳ ಬೇಕಾಗಿತ್ತು.”

“ಇನ್ನಾ ಎರಡು ಮನಿ ಬಾಗಿಲಿಗೆ ಹೋಗಿ ಕೊಟೇಶನ್ ತಗೊಂಡ್ ಬಾ,” ಎಂದ ಅಪ್ಪ ಎಲೆ ಮಡಚುತ್ತ. “ಆಮ್ಯಾಲ ನೋಡೋಣು.”

ಇದನ್ನು ಹೇಳಿದ್ದಕ್ಕೇ ಸಮಾಧಾನವಾಯಿತೋ ಏನೋ, ಚೀಲಗಳನ್ನು ಮಾತ್ರ ತಾನೇ ಜೀಪಿಗೆ ಹಾಕಿಸಿದ.

ಜನ ಇವತ್ತಿಗೂ ಗಂಟು ತರುತ್ತಾರೆ. ಆದರೆ ಮೊದಲು ನಮ್ಮ ಎರಡು ಬಿಸಿ ರೊಟ್ಟಿ ತರಿಸಿ, ಮನೆಯದರ ಪಕ್ಕಕ್ಕಿಟ್ಟು ಎರಡನ್ನೂ ತಿಂದು, “ಅಡ್ಡಿಯಿಲ್ಲ” ಎನ್ನುತ್ತಾರೆ. ಅಡ್ಡಿಯಿಲ್ಲ! ನಮ್ಮಪ್ಪನ ಜೋಳಕ್ಕೆ! ಆಮೇಲೆ ಇನ್ನೆರಡು ಕೇಳುತ್ತಾರೆ.

ಮರುವಾರದ ಬಾಜಾರದ ಗದ್ದಲ ಮುಗಿದ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೋಗುತ್ತೀಯೋ ಇರುತ್ತೀಯೋ ಎಂದು ಮಾವ್ಶಿಯನ್ನು ಕೇಳಿದೆ. ಆಕೆ ಹಂಚಿನಿಂದ ಕಣ್ಣೆತ್ತಲಿಲ್ಲ.

“ಇನ್ನೊಂದು ಒಲಿ ಹಾಕ್ಸು. ನನ್ನ ತಂಗಿಗಿ ಕರಕೊಂಡ್ ಬರ್ತೀನಿ. ಒಬ್ಬಾಕಿ ಕೈಲೆ ನೀಗಂಗಿಲ್ಲ.”

ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ ಇಂಟರ್‌ವ್ಯೂ ಎಂಬುದೊಂದು ಇರುತ್ತದೆ ಎಂದು ನಾನು ಬಿಗುವಾಗಿ ಹೇಳಿದೆ.

“ತಗೊಳ್ಳುವಂತಿ, ನಾಳಿ ಮುಂಜಾನಿ ಬರ್ತಾಳ. ಮದ್ಲ ಒಲಿ ಹಾಕ್ಸು.”

ಮಾಲಕನೊಡನೆ ಮಾತಾಡುವ ರೀತಿಯೇ ಇದು? ಇದನ್ನೇ ದಾರಿಯುದ್ದಕ್ಕೂ ಗೊಣಗುತ್ತ ಒಲೆ ತರಲು ಹೋದೆ.